ಈಗ ಏನು ಮಾಡುತ್ತೀರಿ? ಮರುಓದು ಮತ್ತು ಮೇಜಿನ ಸುತ್ತಲಿನ ಸಾಹಸ

ಪರೀಕ್ಷೆ ಬಂತೆಂದರೆ ಒಂದೇ ಪಾಠವನ್ನು ನಾಲ್ಕು ಸಲ ಓದುತ್ತೇವೆ. ಯಾರಾದರೂ ಒಂದು ಕಾದಂಬರಿಯನ್ನು ಎರಡನೇ ಸಲ ಕೈಗೆತ್ತಿಕೊಂಡರೆ ಮಾತ್ರ "ಕಥೆ ಗೊತ್ತಾಯಿತಲ್ಲ, ಮತ್ತೇನು ಓದುವುದು?" ಎಂದು ಕೇಳುತ್ತೇವೆ. ಇಂಗ್ಲಿಷ್ ಕಲಿಸುವ ನನಗೆ ಈ ಪ್ರಶ್ನೆ ಪ್ರತಿವರ್ಷ ಎದುರಾಗುತ್ತದೆ. ಅದಕ್ಕೆ ಒಳ್ಳೆಯ ಉತ್ತರ ನನಗೆ ಸಿಕ್ಕಿದ್ದು ಒಂದು ಆಟದಲ್ಲಿ. ಹಳೆಯ ಫ್ಯಾಂಟಸಿ ಸಾಹಸ ಕಾದಂಬರಿಗಳನ್ನು ಮತ್ತೆ ಮತ್ತೆ ಓದುವುದು ನನ್ನ ಅಭ್ಯಾಸ. ಆ ಕಾದಂಬರಿಗಳಿಂದಲೇ ಹುಟ್ಟಿದ ರೋಲ್ ಪ್ಲೇಯಿಂಗ್ ಆಟಗಳೆಂದರೆ ನನಗೆ ಬಹಳ ಪ್ರೀತಿ. ಇವೆರಡೂ ಸೇರಿ ಕಲಿಸಿದ ಒಂದು ಓದುವ ಕ್ರಮವನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಈ ಆಟ ಹೇಗಿರುತ್ತದೆ?

ಇದಕ್ಕೆ ಕಂಪ್ಯೂಟರ್ ಬೇಡ, ಮೊಬೈಲೂ ಬೇಡ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುವವರು. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ: ಯೋಧ, ಮಾಂತ್ರಿಕ, ಕಳ್ಳ, ವೈದ್ಯ. ಪಾತ್ರದ ಬಲ, ಬುದ್ಧಿ, ಚುರುಕುತನ ಎಲ್ಲವನ್ನೂ ಒಂದು ಹಾಳೆಯಲ್ಲಿ ಅಂಕಿಗಳಲ್ಲಿ ಬರೆದಿಟ್ಟಿರುತ್ತಾರೆ. ಕಥೆ ನಡೆಸುವವರು ಸನ್ನಿವೇಶ ಹೇಳುತ್ತಾರೆ: "ಸೇತುವೆ ಮುರಿದಿದೆ. ಹಿಂದಿನಿಂದ ಕುದುರೆಗಳ ಸದ್ದು ಕೇಳುತ್ತಿದೆ. ಈಗ ಏನು ಮಾಡುತ್ತೀರಿ?" ಆಟಗಾರರು ತಮ್ಮ ಪಾತ್ರವಾಗಿ ಉತ್ತರಿಸುತ್ತಾರೆ. ಮಾಡಹೊರಟ ಕೆಲಸ ಕೈಗೂಡುವುದೋ ಇಲ್ಲವೋ ಎಂಬ ಅನುಮಾನವಿದ್ದಾಗ ದಾಳ ಉರುಳಿಸುತ್ತಾರೆ. ಇಲ್ಲಿ ಗೆದ್ದವರು, ಸೋತವರು ಎಂಬುದಿಲ್ಲ. ಎಲ್ಲರೂ ಸೇರಿ ಒಂದು ಕಥೆ ಕಟ್ಟುತ್ತಾರೆ, ಅಷ್ಟೇ.

ತಾಳಮದ್ದಳೆ ಕೇಳಿದವರಿಗೆ ಇದು ಪೂರ್ತಿ ಹೊಸದೆನಿಸಲಾರದು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಆ ಕ್ಷಣಕ್ಕೆ ಹೊಳೆದ ಮಾತಾಡುತ್ತಾರೆ. ಆದರೆ ಅಲ್ಲಿ ಕಥೆಯ ಕೊನೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಇಲ್ಲಿ ಕಥೆ ನಡೆಸುವವರಿಗೂ ಗೊತ್ತಿರುವುದಿಲ್ಲ.

ಓದಿನಿಂದ ಹುಟ್ಟಿದ ಆಟ

ಈ ಬಗೆಯ ಮೊದಲ ಆಟ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ರೂಪಿಸಿ 1974ರಲ್ಲಿ ಪ್ರಕಟಿಸಿದರು. ಮೂರು ಪುಟ್ಟ ಪುಸ್ತಕಗಳಿದ್ದ ಒಂದು ಪೆಟ್ಟಿಗೆ, ಮೊದಲ ಮುದ್ರಣ 1000 ಪ್ರತಿ. ಇಬ್ಬರೂ ಪುಟ್ಟ ಸೈನಿಕ ಗೊಂಬೆಗಳನ್ನು ಇಟ್ಟುಕೊಂಡು ಯುದ್ಧದಾಟ ಆಡುತ್ತಿದ್ದವರು. ಇಡೀ ಸೈನ್ಯವನ್ನು ನಡೆಸುವ ಬದಲು ಒಬ್ಬನೇ ಒಬ್ಬ ವ್ಯಕ್ತಿಯಾಗಿ ಆಡಿದರೆ ಹೇಗೆ ಎಂಬ ಯೋಚನೆಯಿಂದ ಹೊಸ ಆಟ ಬೆಳೆಯಿತು.

1979ರಲ್ಲಿ ಕಥೆ ನಡೆಸುವವರಿಗಾಗಿ ಬಂದ ಕೈಪಿಡಿಯ ಕೊನೆಯಲ್ಲಿ ಗೈಗ್ಯಾಕ್ಸ್ ತಮಗೆ ಸ್ಫೂರ್ತಿ ಕೊಟ್ಟ ಲೇಖಕರ ಪಟ್ಟಿಯೊಂದನ್ನು ಸೇರಿಸಿದರು. ಆಟಗಾರರ ನಡುವೆ ಅದಕ್ಕೆ 'ಅಪೆಂಡಿಕ್ಸ್ ಎನ್' ಎಂದೇ ಹೆಸರು. ಆ ಪಟ್ಟಿ ಹಿಡಿದು ಹಳೆಯ ಪುಸ್ತಕಗಳಿಗೆ ಮರಳಿದರೆ ಆಟದ ಬೇರುಗಳು ಒಂದೊಂದಾಗಿ ಕಾಣುತ್ತವೆ. ಆಟದಲ್ಲಿ ಬರುವ ಟ್ರೋಲ್ ಎಂಬ ರಾಕ್ಷಸನಿಗೆ ಕಡಿದ ಗಾಯ ಮತ್ತೆ ಕೂಡಿಕೊಳ್ಳುತ್ತದೆ, ಬೆಂಕಿಗೆ ಅವನು ಅಂಜುತ್ತಾನೆ. ಇದು ಪೌಲ್ ಆಂಡರ್ಸನ್ ಅವರ 'ತ್ರೀ ಹಾರ್ಟ್ಸ್ ಅಂಡ್ ತ್ರೀ ಲಯನ್ಸ್' ಕಾದಂಬರಿಯಿಂದ ಬಂದದ್ದು. ಆಟದ ಹಳೆಯ ಆವೃತ್ತಿಗಳಲ್ಲಿ ಮಾಂತ್ರಿಕ ಒಂದು ಮಂತ್ರವನ್ನು ಪ್ರಯೋಗಿಸಿದೊಡನೆ ಅದನ್ನು ಮರೆತುಬಿಡುತ್ತಿದ್ದ. ಇದು ಜ್ಯಾಕ್ ವ್ಯಾನ್ಸ್ ಅವರ 'ದಿ ಡೈಯಿಂಗ್ ಅರ್ತ್' (1950) ಎಂಬ ಪುಸ್ತಕದ ಕಲ್ಪನೆ. ಅದರಲ್ಲಿ ತುರ್ಜಾನ್ ಎಂಬ ಮಾಂತ್ರಿಕನ ತಲೆಯಲ್ಲಿ ಒಮ್ಮೆಗೆ ನಾಲ್ಕೇ ಮಂತ್ರಗಳು ನಿಲ್ಲುತ್ತವೆ.

ಮೊದಲ ಓದಿನಲ್ಲಿ ಈ 'ನಾಲ್ಕು' ನನಗೆ ಬರೀ ತಮಾಷೆಯ ವಿವರವಾಗಿತ್ತು. ಮಾಂತ್ರಿಕನ ಪಾತ್ರ ಆಡಿದ ಮೇಲೆ ಮತ್ತೆ ಓದಿದಾಗ ಅದು ಕಥೆಯ ಜೀವಾಳವಾಗಿ ಕಂಡಿತು. ಮನೆ ಬಿಡುವ ಮೊದಲೇ ಯಾವ ನಾಲ್ಕು ಎಂದು ತೀರ್ಮಾನಿಸಬೇಕು. ದಾರಿಯಲ್ಲಿ ಏನು ಎದುರಾಗುತ್ತದೋ ಗೊತ್ತಿಲ್ಲ. ಬೇಕಾದದ್ದೆಲ್ಲ ಮಾಡಬಲ್ಲ ಮಾಂತ್ರಿಕನ ಬಗ್ಗೆ ಯಾರಿಗೂ ಆತಂಕವಾಗದು. ಆಯ್ಕೆಗೆ ಮಿತಿ ಇದ್ದಾಗಲೇ ಕಥೆ ಬಿಗಿಯಾಗುತ್ತದೆ.

ದಾಳದ ಗಣಿತ

ವಿಜ್ಞಾನ, ವಾಣಿಜ್ಯ ವಿಭಾಗದವರು ಇಲ್ಲಿ ಸ್ವಲ್ಪ ಗಮನ ಕೊಡಿ. ನಿಮ್ಮ ಪ್ರಾಬಬಿಲಿಟಿ ಪಾಠ ಈ ಆಟದಲ್ಲಿ ಕೈಗೆ ಸಿಗುತ್ತದೆ. ಆಟದಲ್ಲಿ 4, 6, 8, 10, 12 ಮತ್ತು 20 ಮುಖಗಳ ದಾಳಗಳಿವೆ. 20 ಮುಖದ ದಾಳದಲ್ಲಿ ಪ್ರತಿ ಸಂಖ್ಯೆ ಬೀಳುವ ಸಾಧ್ಯತೆಯೂ ಸಮ, ಶೇ. 5. ಆದರೆ 6 ಮುಖದ ಮೂರು ದಾಳ ಉರುಳಿಸಿ ಕೂಡಿಸಿದರೆ ಲೆಕ್ಕವೇ ಬೇರೆ. ಒಟ್ಟು 216 ಸಾಧ್ಯತೆಗಳಲ್ಲಿ 18 ಬರುವುದು ಒಂದೇ ಒಂದು ಸಲ, 10 ಬರುವುದು 27 ಸಲ. ಮೂಲ ಆಟದಲ್ಲಿ ಪಾತ್ರದ ಬಲ, ಬುದ್ಧಿಗಳನ್ನು ಹೀಗೆ ಮೂರು ದಾಳದಿಂದಲೇ ನಿಶ್ಚಯಿಸುತ್ತಿದ್ದರು. ಹಾಗಾಗಿ ಹೆಚ್ಚಿನ ಪಾತ್ರಗಳು ನಮ್ಮ ನಿಮ್ಮಂಥ ಸಾಮಾನ್ಯರು, ಅಪರೂಪಕ್ಕೊಬ್ಬ ಭೀಮ.

2014ರ ಆವೃತ್ತಿಯಲ್ಲಿ ಒಂದು ಚೆಂದದ ನಿಯಮ ಬಂತು. ಸನ್ನಿವೇಶ ನಿಮಗೆ ಅನುಕೂಲವಾಗಿದ್ದರೆ 20 ಮುಖದ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. 11 ಅಥವಾ ಅದಕ್ಕಿಂತ ಹೆಚ್ಚು ಬೇಕಿದ್ದರೆ ಒಂದು ಸಲಕ್ಕೆ ಸಾಧ್ಯತೆ ಶೇ. 50. ಎರಡು ಸಲಕ್ಕೆ? ಎರಡೂ ಸಲ ಸೋಲುವ ಸಾಧ್ಯತೆ ಅರ್ಧದ ಅರ್ಧ, ಅಂದರೆ ಶೇ. 25. ಆದ್ದರಿಂದ ಗೆಲ್ಲುವ ಸಾಧ್ಯತೆ ಶೇ. 75.

ಒಂದು ಮಾತು. ದಾಳ ಎಂದೊಡನೆ ನಮ್ಮ ಹಿರಿಯರಿಗೆ ಜೂಜಿನ ನೆನಪಾಗುತ್ತದೆ, ಅದು ಸಹಜ. ಈ ಆಟದಲ್ಲಿ ಹಣವಿಲ್ಲ, ಪಣವಿಲ್ಲ. ಆದರೂ ದಾಳ ಮುಟ್ಟದ ಮನೆಗಳವರು 1ರಿಂದ 20ರವರೆಗೆ ಚೀಟಿ ಬರೆದು ಡಬ್ಬಿಯಲ್ಲಿ ಹಾಕಿ ಎತ್ತಬಹುದು. ಎತ್ತಿದ ಚೀಟಿಯನ್ನು ಪ್ರತಿ ಸಲ ಮರಳಿ ಹಾಕುವುದನ್ನು ಮರೆಯಬೇಡಿ. ಮರೆತರೆ ಲೆಕ್ಕ ಏಕೆ ಬದಲಾಗುತ್ತದೆ ಎಂದು ನಿಮ್ಮ ಗಣಿತದ ಉಪನ್ಯಾಸಕರನ್ನು ಕೇಳಿ.

ಕತ್ತಲಲ್ಲಿ ಒಂದು ಆಯ್ಕೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಜೆ.ಆರ್.ಆರ್. ಟೋಲ್ಕಿನ್ ಅವರ 'ದಿ ಹಾಬಿಟ್' 1937ರಲ್ಲಿ ಬಂತು. ಅದರಲ್ಲಿ ಬಿಲ್ಬೋ ಎಂಬ ಪುಟ್ಟ ಆಸಾಮಿ ಗುಹೆಯ ಕತ್ತಲಲ್ಲಿ ಗೊಲ್ಲಮ್ ಎಂಬ ಜೀವಿಯನ್ನು ಭೇಟಿಯಾಗುತ್ತಾನೆ. ಇಬ್ಬರೂ ಒಗಟು ಹಾಕಿಕೊಳ್ಳುತ್ತಾರೆ. ಬಿಲ್ಬೋಗೆ ಅಲ್ಲಿ ಸಿಕ್ಕಿರುವ ಉಂಗುರ ತೊಟ್ಟವರನ್ನು ಮಾಯ ಮಾಡುವಂಥದ್ದು. ಹೊರಹೋಗುವ ದಾರಿಯಲ್ಲಿ ಗೊಲ್ಲಮ್ ಅಡ್ಡ ಕೂತಿದ್ದಾನೆ. ಬಿಲ್ಬೋ ಕೈಯಲ್ಲಿ ಕತ್ತಿಯಿದೆ, ಅವನು ಯಾರ ಕಣ್ಣಿಗೂ ಕಾಣುತ್ತಿಲ್ಲ. ಒಂದೇ ಏಟು ಸಾಕು. ಆದರೆ ಅವನಿಗೆ ಆ ಒಂಟಿ ಜೀವಿಯ ಮೇಲೆ ಕರುಣೆ ಹುಟ್ಟುತ್ತದೆ. ಕೊಲ್ಲದೆ ಅವನ ತಲೆಯ ಮೇಲಿಂದ ಹಾರಿ ಓಡುತ್ತಾನೆ.

ಕುತೂಹಲದ ಸಂಗತಿಯೆಂದರೆ, 1937ರ ಪುಸ್ತಕದಲ್ಲಿ ಈ ದೃಶ್ಯವೇ ಇರಲಿಲ್ಲ. ಅಲ್ಲಿ ಗೊಲ್ಲಮ್ ಸೋಲೊಪ್ಪಿ ತಾನೇ ದಾರಿ ತೋರಿಸುತ್ತಾನೆ. ಮುಂದೆ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆಯುವಾಗ ಆ ಉಂಗುರ ಎಷ್ಟು ಭಯಂಕರವಾದದ್ದು ಎಂದು ಟೋಲ್ಕಿನ್‌ಗೆ ಹೊಳೆಯಿತು. ಅವರು ಹಿಂದಿರುಗಿ ತಮ್ಮ ಪುಸ್ತಕವನ್ನೇ ತಿದ್ದಿದರು. 1951ರ ಆವೃತ್ತಿಯಲ್ಲಿ ಆ ಕರುಣೆಯ ಕ್ಷಣ ಸೇರಿತು. 1955ರಲ್ಲಿ ಪ್ರಕಟವಾದ ಕೊನೆಯ ಸಂಪುಟದಲ್ಲಿ ಇಡೀ ಲೋಕ ಉಳಿಯುವುದು ಅಂದು ಬದುಕಿ ಉಳಿದ ಗೊಲ್ಲಮ್‌ನಿಂದಾಗಿಯೇ. ಲೇಖಕರೇ ತಮ್ಮ ಪುಸ್ತಕಕ್ಕೆ ಮರಳಿ ಹೋದರು ಎಂದ ಮೇಲೆ ನಾವು ಹೋದರೆ ತಪ್ಪೇನು?

ನಾನು ನಡೆಸಿದ ಒಂದು ಆಟದಲ್ಲಿ ಇಂಥದೇ ಸನ್ನಿವೇಶ ಇಟ್ಟಿದ್ದೆ. ಸೆರೆಸಿಕ್ಕ ಒಬ್ಬ ಶತ್ರು, ಕೈ ಕಟ್ಟಿದೆ. ಬಿಟ್ಟರೆ ತನ್ನವರಿಗೆ ಸುದ್ದಿ ಕೊಡಬಹುದು. "ಈಗ ಏನು ಮಾಡುತ್ತೀರಿ?" ನಾಲ್ವರು ಆಟಗಾರರು ಅರ್ಧ ಗಂಟೆ ವಾದಿಸಿದರು. ಮೊದಲು "ಮುಗಿಸಿಬಿಡೋಣ" ಎಂದವನಿಗೆ ನಾನು ಹೇಳಿದ್ದು ಇಷ್ಟೇ: "ಸರಿ, ನೀನು ಕತ್ತಿ ಎತ್ತಿದೆ. ಅವನು ನಿನ್ನ ಮುಖ ನೋಡುತ್ತಿದ್ದಾನೆ." ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತಿನ ನಂತರ "ಹಗ್ಗ ಬಿಚ್ಚುತ್ತೇನೆ" ಎಂದ. ಪುಸ್ತಕ ಓದುವಾಗ ಬಿಲ್ಬೋನ ಕರುಣೆಗೆ ತಲೆದೂಗುವುದು ಸುಲಭ. ಹಗ್ಗ ನಮ್ಮ ಕೈಯಲ್ಲಿದ್ದಾಗ ಅದರ ಬೆಲೆ ತಿಳಿಯುತ್ತದೆ.

ಪ್ರೀತಿಯ ಪುಸ್ತಕದಲ್ಲಿ ಚುಚ್ಚುವ ಮುಳ್ಳು

ಮರುಓದಿನಲ್ಲಿ ಸಿಹಿ ಮಾತ್ರ ಸಿಗುವುದಿಲ್ಲ. ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿಯ 'ದಿ ಹಾರ್ಸ್ ಅಂಡ್ ಹಿಸ್ ಬಾಯ್' (1954) ಓದಿ. ನಾರ್ನಿಯಾದ ವೈರಿಗಳಾದ ಕ್ಯಾಲೊರ್ಮೆನ್ ಜನ ಕಪ್ಪುಬಣ್ಣದವರು, ಪೇಟ ಸುತ್ತುವವರು, ಬಾಗಿದ ಕತ್ತಿ ಹಿಡಿದವರು, ಮರುಭೂಮಿಯಾಚೆಯ ನಾಡಿನವರು. ಚಿಕ್ಕವಯಸ್ಸಿನಲ್ಲಿ ನಾವು ನಾಯಕನ ಜೊತೆ ಕುದುರೆಯೇರಿ ಓಡುತ್ತೇವೆ, ಇದು ಕಣ್ಣಿಗೆ ಬೀಳುವುದಿಲ್ಲ. ದೊಡ್ಡವರಾಗಿ ಓದಿದಾಗ, ನಮ್ಮ ಅಜ್ಜಂದಿರ ಫೋಟೋದಲ್ಲಿರುವಂಥ ಪೇಟವನ್ನು ವೈರಿಯ ತಲೆಯ ಮೇಲೆ ಕಂಡಾಗ, ಮನಸ್ಸು ಮುದುಡುತ್ತದೆ.

ಹಾಗೆಂದು ಪುಸ್ತಕ ಬಿಸಾಡಬೇಕೆ? ನಾನು ಬಿಸಾಡಿಲ್ಲ. ಅದೇ ಪುಸ್ತಕದ ಅರಾವಿಸ್ ಎಂಬ ಕ್ಯಾಲೊರ್ಮೆನ್ ಹುಡುಗಿ ಧೈರ್ಯದಲ್ಲಿ ಯಾರಿಗೂ ಕಡಿಮೆಯಿಲ್ಲ. ಪುಸ್ತಕ ಎಲ್ಲಿ ನ್ಯಾಯವಾಗಿದೆ, ಎಲ್ಲಿ ಅನ್ಯಾಯವಾಗಿದೆ ಎಂದು ಬೆರಳಿಟ್ಟು ತೋರಿಸುವುದೇ ಓದಿನ ಕೆಲಸ. ಬೇರೆ ಲೇಖಕರು ಬೇರೆ ದಾರಿಯನ್ನೂ ಹಿಡಿದರು. ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ' (1968) ಕಾದಂಬರಿಯ ನಾಯಕ ಗೆಡ್ ತಾಮ್ರವರ್ಣದವನು. ಅವನ ದೊಡ್ಡ ಶತ್ರು ತನ್ನದೇ ಅಹಂಕಾರದಿಂದ ಹೊರಬಿದ್ದ ನೆರಳು. ಅರಬ್ ಮೂಲದ ಅಮೆರಿಕನ್ ಲೇಖಕ ಸಲಾದಿನ್ ಅಹ್ಮದ್ 'ಥ್ರೋನ್ ಆಫ್ ದ ಕ್ರೆಸೆಂಟ್ ಮೂನ್' (2012) ಕಾದಂಬರಿಯಲ್ಲಿ ಪಿಶಾಚಿಗಳನ್ನು ಬೇಟೆಯಾಡುವ ಒಬ್ಬ ವಯಸ್ಸಾದ ಡಾಕ್ಟರನ್ನು ನಾಯಕನನ್ನಾಗಿ ಮಾಡಿದರು. ಆಟವೂ ಬದಲಾಗಿದೆ. ಒಂದು ಕುಲದವರೆಲ್ಲ ಹುಟ್ಟಿನಿಂದಲೇ ದುಷ್ಟರು ಎಂಬ ಚಿತ್ರಣದಿಂದ ದೂರ ಸರಿಯುವುದಾಗಿ ಅದರ ಪ್ರಕಾಶಕರು 2020ರಲ್ಲಿ ಹೇಳಿದರು.

ನಮ್ಮ ಉರ್ದು ದಾಸ್ತಾನ್‌ಗಳನ್ನೂ ಮರೆಯಬಾರದು. 19ನೇ ಶತಮಾನದ ಕೊನೆಯಲ್ಲಿ ಲಖನೌದ ನವಲ್ ಕಿಶೋರ್ ಪ್ರೆಸ್ ಪ್ರಕಟಿಸಿದ 'ತಿಲಿಸ್ಮ್-ಎ-ಹೋಶ್‌ರುಬಾ'ದಲ್ಲಿ ಅಮ್ರ್ ಅಯ್ಯಾರ್ ಎಂಬ ಚತುರನ ಬಳಿ ಒಂದು ಚೀಲವಿದೆ. ಎಷ್ಟು ತುಂಬಿದರೂ ಅದು ತುಂಬುವುದೇ ಇಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿಯೂ ಅಂಥದೇ ಒಂದು ಮಾಯಾಚೀಲವಿದೆ. ಒಂದರಿಂದ ಇನ್ನೊಂದು ಬಂತೆಂದು ನಾನು ಹೇಳುತ್ತಿಲ್ಲ. ಇಂಥ ಕಲ್ಪನೆಗಳು ಯಾವುದೋ ಒಂದು ನಾಡಿನ ಸ್ವತ್ತಲ್ಲ ಎನ್ನುತ್ತಿದ್ದೇನೆ. ಮನೆಯಲ್ಲಿ ಉರ್ದು ಓದಬಲ್ಲ ಅಜ್ಜಿಯೋ ನಾನಿಯೋ ಇದ್ದರೆ ಕೇಳಿ ನೋಡಿ.

ನೀವೂ ಮಾಡಿ ನೋಡಿ

1. ಮೊದಲೇ ಓದಿದ ಒಂದು ಸಾಹಸ ಕಥೆಯನ್ನು ಮತ್ತೆ ಓದಿ. ಕನ್ನಡ, ಉರ್ದು, ಇಂಗ್ಲಿಷ್ ಯಾವುದಾದರೂ ಸರಿ.

2. ನಾಯಕ ಒಂದು ನಿರ್ಧಾರ ತೆಗೆದುಕೊಳ್ಳುವ ಪುಟದಲ್ಲಿ ನಿಲ್ಲಿಸಿ. "ಈಗ ನಾನು ಏನು ಮಾಡುತ್ತೇನೆ?" ಎಂದು ಐದು ಸಾಲು ಬರೆಯಿರಿ. ಕಾರಣವನ್ನೂ ಕೊಡಿ.

3. ಅದೇ ಸನ್ನಿವೇಶವನ್ನು ನಾಯಕನ ಎದುರಾಳಿಯ ಕಡೆಯಿಂದ ಐದು ಸಾಲು ಬರೆಯಿರಿ. ಈ ಅಭ್ಯಾಸವೇ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಉಪಯುಕ್ತ.

4. ನಾಲ್ವರು ಗೆಳೆಯರು ಕೂಡಿದಾಗ ಒಬ್ಬರು ಕಥೆ ನಡೆಸಿ, ಉಳಿದವರು ಪಾತ್ರವಾಗಿ. ಒಂದು ಸೇತುವೆ, ಒಂದು ನದಿ, ಹಿಂದಿನಿಂದ ಬರುವ ಕುದುರೆಗಳ ಸದ್ದು. ಶುರುಮಾಡಲು ಇಷ್ಟು ಸಾಕು.

ಎರಡನೆಯ ಮತ್ತು ಮೂರನೆಯ ಅಭ್ಯಾಸದಲ್ಲಿ ಬರೆದದ್ದನ್ನು ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲೆ ಇಟ್ಟು ಹೋಗಿ. ಇದಕ್ಕೆ ಅಂಕ ಕೊಡುವುದಿಲ್ಲ. ಓದಿ, ಪ್ರತಿಯೊಂದರ ಕೆಳಗೆ ಒಂದು ಹೊಸ ಪ್ರಶ್ನೆ ಬರೆದು ನಿಮಗೇ ಹಿಂದಿರುಗಿಸುತ್ತೇನೆ.