ಹಾಲು ಹಾಕಿ ಬರುವಷ್ಟರಲ್ಲಿ: ಮನೆಯ ನಾಯಿ ಮತ್ತು ಪುಟ್ಟ ಮಕ್ಕಳು



ಮಾರ್ಕೋನಹಳ್ಳಿ ಜಲಾಶಯದ ಸುತ್ತಿನ ಊರುಗಳಲ್ಲಿ ನಾಯಿ ಇಲ್ಲದ ತೋಟದ ಮನೆ ಅಪರೂಪ. ಕೊಟ್ಟಿಗೆಯಲ್ಲಿ ಹಸು, ಕರು ಇರುತ್ತವೆ, ತೋಟದಲ್ಲಿ ಕಾಯಿ ಇರುತ್ತದೆ. ಕುಣಿಗಲ್, ಗುಬ್ಬಿ ಕಡೆಯ ಚಿರತೆ ಕಾಟವೂ ನಿಮಗೆ ಹೊಸದಲ್ಲ. ರಾತ್ರಿ ನಾಯಿ ಒಂದು ಸಲ ಬೊಗಳಿದರೆ ಮನೆಯವರಿಗೆಲ್ಲ ಧೈರ್ಯ. ಆದ್ದರಿಂದ ನಾಯಿ ಸಾಕಬೇಡಿ ಎಂದು ಹೇಳುವ ಪಾಠ ಇದಲ್ಲ. ನಾಯಿಯೂ ಇರಲಿ, ಮಗುವೂ ಕ್ಷೇಮವಾಗಿರಲಿ. ಅದಕ್ಕೆ ಏನು ಮಾಡಬೇಕು ಎಂಬುದನ್ನು ಈ ಸಲ ತಿಳಿಯೋಣ.

ದಿನದ ಎರಡು ಹೊತ್ತು

ಹೀಗೊಂದು ಸಂಜೆಯನ್ನು ನೆನೆದುಕೊಳ್ಳಿ. ನೀವು ಹಾಲು ಕರೆದು, ಕ್ಯಾನು ಹಿಡಿದು ಡೇರಿಗೆ ಹೊರಡುತ್ತೀರಿ. ಹೊರಡುವ ಮುನ್ನ ನಾಯಿಗೆ ಮುದ್ದೆ ಹಾಕುತ್ತೀರಿ. ನಾಲ್ಕು ವರ್ಷದ ಮಗುವಿನ ಕೈಗೆ ಒಂದು ಬಿಸ್ಕತ್ತು ಕೊಟ್ಟು, "ಇಲ್ಲೇ ಆಡ್ಕೊಂಡಿರು, ಬಂದ್ಬಿಡ್ತೀನಿ" ಎನ್ನುತ್ತೀರಿ. ಡೇರಿಯಲ್ಲಿ ಸಾಲು ಇದೆ. ಹಾಲಿನ ಪರೀಕ್ಷೆ ಮುಗಿದು, ಚೀಟಿ ಕೈಗೆ ಬಂದು, ಮನೆ ಸೇರುವಷ್ಟರಲ್ಲಿ ಅರ್ಧ ಗಂಟೆ. ಅಷ್ಟು ಹೊತ್ತು ಅಂಗಳದಲ್ಲಿ ಇದ್ದವರು ಯಾರು? ತಿನ್ನುತ್ತಿರುವ ನಾಯಿ, ಅದರ ಪಕ್ಕದಲ್ಲಿ ಕೈಯಲ್ಲಿ ತಿಂಡಿ ಹಿಡಿದ ಮಗು. ನೋಡಿಕೊಳ್ಳುವವರು ಒಬ್ಬರೂ ಇಲ್ಲ.

"ನಮ್ಮ ನಾಯಿ ಸಾಧು, ಮಗು ಮೇಲೆ ಬಿದ್ದರೂ ಸುಮ್ಮನಿರುತ್ತೆ" ಎಂದು ನೀವು ಹೇಳಬಹುದು. ಅದು ನಿಜವೇ ಇರಬಹುದು. ಆದರೆ ಸಾಧು ಹಸುವೂ ಕೆಚ್ಚಲು ನೋಯುವ ದಿನ ಒದೆಯುತ್ತದೆ. ನಾಯಿಗೂ ಕಿವಿ ನೋವು, ಗಾಯ, ಹಸಿವು, ಹೆದರಿಕೆ ಇರುತ್ತವೆ. ಅದನ್ನು ಗುರುತಿಸುವ ವಯಸ್ಸು ಮಗುವಿನದಲ್ಲ. ಪುಟ್ಟ ಮಗುವಿನ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ. ದೊಡ್ಡವರಿಗೆ ಕಾಲಿಗೆ ಬೀಳುವ ಹಲ್ಲು ಮಗುವಿಗೆ ಕೆನ್ನೆಗೆ, ತಲೆಗೆ, ಕತ್ತಿಗೆ ಬೀಳುತ್ತದೆ.

ಈ ಪಾಠದ ಮುಖ್ಯ ಮಾತು ಇಷ್ಟೇ: ಐದಾರು ವರ್ಷದೊಳಗಿನ ಮಗುವನ್ನೂ ನಾಯಿಯನ್ನೂ ಒಂದು ಗಳಿಗೆಯೂ ಅವೆರಡನ್ನೇ ಬಿಡಬೇಡಿ. ಡೇರಿಗೆ ಹೋಗುವ ಬೆಳಗಿನ ಹೊತ್ತು, ಸಂಜೆಯ ಹೊತ್ತು ಇದನ್ನು ಮರೆಯಲೇಬೇಡಿ.

ಹೀಗೆ ಮಾಡಿ:

1. ಮಗುವನ್ನು ಜೊತೆಗೆ ಕರೆದೊಯ್ಯಿರಿ. ಇಲ್ಲವಾದರೆ ಅಜ್ಜಿಗೋ ಅತ್ತೆಗೋ "ಮಗು ನೋಡ್ಕೊಳ್ಳಿ" ಎಂದು ಹೇಳಿ, ಅವರು ಹೂಂ ಎಂದ ಮೇಲೆ ಹೊರಡಿ. ಎಂಟು ವರ್ಷದ ಅಕ್ಕನ ಮೇಲೆ ಈ ಹೊಣೆ ಹೊರಿಸಬೇಡಿ.

2. ಯಾರೂ ಇಲ್ಲದಿದ್ದರೆ ಮಗುವಿಗೂ ನಾಯಿಗೂ ನಡುವೆ ಬಾಗಿಲು ಅಥವಾ ಗೇಟು ಇರಲಿ. ಕಟ್ಟಿದ ನಾಯಿಯ ಬಳಿಗೆ ಮಗು ತಾನಾಗಿಯೇ ನಡೆದು ಹೋಗುತ್ತದೆ ಎಂಬುದು ನೆನಪಿರಲಿ.

3. ನಾಯಿಗೆ ಊಟವನ್ನು ನೀವು ಮರಳಿ ಬಂದ ಮೇಲೆ, ಮಗು ಓಡಾಡದ ಮೂಲೆಯಲ್ಲಿ ಹಾಕಿ.

4. ಹಸು ಈದ ದಿನ ಮಾಸನ್ನು ಆಳವಾದ ಗುಂಡಿ ತೆಗೆದು ಮುಚ್ಚಿ. ನಾಯಿ ಅದನ್ನು ಎಳೆದು ತಂದು ತಿನ್ನುವಾಗ ಯಾರನ್ನೂ ಹತ್ತಿರ ಬಿಡುವುದಿಲ್ಲ.

5. ಹಗಲಿಡೀ ಮೋಟು ಸರಪಳಿಯಲ್ಲಿ ಕಟ್ಟಿದ ನಾಯಿ ಸಿಡುಕಾಗುತ್ತದೆ. ಮಕ್ಕಳು ಓಡಾಡುವ ದಾರಿಯಿಂದ ದೂರ, ನೆರಳಿನಲ್ಲಿ ಕಟ್ಟಿ. ನೀರು ಇಡಿ. ದಿನಕ್ಕೆ ಸ್ವಲ್ಪ ಹೊತ್ತು ಬಿಟ್ಟು ಓಡಾಡಿಸಿ.

ನಾಯಿ ಮೊದಲೇ ಹೇಳುತ್ತದೆ

ಒದೆಯುವ ಮುನ್ನ ಹಸು ಏನು ಮಾಡುತ್ತದೆ ಎಂದು ನಿಮಗೆ ಯಾರೂ ಕಲಿಸಬೇಕಿಲ್ಲ. ಮೈ ಬಿಗಿಯುತ್ತದೆ, ಬಾಲ ಬೀಸುತ್ತದೆ, ಕಾಲು ಎತ್ತಿಡುತ್ತದೆ. ನೀವು ಕೂಡಲೇ ಪಾತ್ರೆ ಸರಿಸುತ್ತೀರಿ. ನಾಯಿಯೂ ಹಾಗೆಯೇ. ಮಗು ಅಪ್ಪಿಕೊಂಡಾಗ ಮುಖ ತಿರುಗಿಸುವುದು, ಮತ್ತೆ ಮತ್ತೆ ತುಟಿ ನೆಕ್ಕುವುದು, ನಿದ್ದೆ ಇಲ್ಲದೆಯೂ ಆಕಳಿಸುವುದು, ಕಿವಿ ಹಿಂದಕ್ಕೆ ಮಡಿಸುವುದು, ಬಾಲ ಮುದುರುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇದ್ದಕ್ಕಿದ್ದಂತೆ ಮೈ ಸೆಟೆದು ನಿಲ್ಲುವುದು. ಇವೆಲ್ಲ "ಸಾಕು, ಬಿಡು" ಎಂಬ ಮಾತು. ಕೊನೆಯ ಎಚ್ಚರಿಕೆ ಗುರುಗುಟ್ಟುವುದು.

ಗುರುಗುಟ್ಟಿದ್ದಕ್ಕೆ ನಾಯಿಯನ್ನು ಹೊಡೆಯಬೇಡಿ. ಹೊಡೆದರೆ ಅದು ಗುರುಗುಟ್ಟುವುದನ್ನು ಬಿಡಬಹುದು, ಕಚ್ಚುವುದನ್ನಲ್ಲ. ಮುಂದಿನ ಸಲ ಸದ್ದಿಲ್ಲದೆ ಕಚ್ಚೀತು. ಗುರುಗುಟ್ಟಿದರೆ ಮಗುವನ್ನು ಮೆಲ್ಲಗೆ ದೂರ ಕರೆದುಕೊಳ್ಳಿ. ಯಾಕೆ ಹಾಗೆ ಮಾಡಿತು ಎಂದು ನೋಡಿ.

ಮರಿ ಹಾಕಿದ ನಾಯಿಯ ಬಗ್ಗೆ ಇನ್ನೂ ಎಚ್ಚರ ಬೇಕು. ಹೊಸದಾಗಿ ಈದ ಹಸು ಕರುವಿನ ಬಳಿ ಬಂದವರನ್ನು ಹಾಯಲು ಬರುವುದಿಲ್ಲವೇ? ಇದೂ ತಾಯಿಯೇ. ಮರಿಗಳು ದೊಡ್ಡವಾಗುವ ತನಕ ಮಕ್ಕಳು ಅಲ್ಲಿಗೆ ಹೋಗಿ ಎತ್ತಿಕೊಳ್ಳುವುದು ಬೇಡ.

ಮಕ್ಕಳಿಗೆ ಕಲಿಸುವ ಮಾತುಗಳು

- ತಿನ್ನುವ ನಾಯಿ, ಮಲಗಿದ ನಾಯಿ, ಮರಿ ಇರುವ ನಾಯಿ, ಈ ಮೂರನ್ನೂ ಮುಟ್ಟಬಾರದು.
- ಬಾಲ, ಕಿವಿ ಎಳೆಯಬಾರದು. ಮೇಲೆ ಕೂರಬಾರದು. ಮುಖಕ್ಕೆ ಮುಖ ಇಡಬಾರದು.
- ನಾಯಿ ಅಟ್ಟಿಸಿಕೊಂಡು ಬಂದರೆ ಓಡಬಾರದು, ಕಿರುಚಬಾರದು. ತೆಂಗಿನ ಮರದಂತೆ ಕೈ ಇಳಿಬಿಟ್ಟು, ನೆಲ ನೋಡುತ್ತ ನಿಲ್ಲಬೇಕು. ಬಿದ್ದುಬಿಟ್ಟರೆ ಗುಂಡುಕಲ್ಲಿನಂತೆ ಮುದುಡಿ, ಎರಡೂ ಕೈಯಿಂದ ಕಿವಿ, ಕತ್ತು ಮುಚ್ಚಿಕೊಳ್ಳಬೇಕು.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಅಂಗಳದಲ್ಲಿ "ಮರ" ಎಂದರೆ ನಿಲ್ಲುವ, "ಕಲ್ಲು" ಎಂದರೆ ಮುದುಡುವ ಆಟ ಆಡಿಸಿ. ಆಟದಲ್ಲಿ ಕಲಿತದ್ದು ಹೆದರಿದಾಗಲೂ ನೆನಪಾಗುತ್ತದೆ.

ಕಚ್ಚಿಯೇಬಿಟ್ಟರೆ

ಹಲ್ಲು ತಾಗಿ ಗೀರಾದರೂ, ಉಗುರು ಪರಚಿದರೂ, ಗಾಯವನ್ನು ನೆಕ್ಕಿದರೂ ಕಡೆಗಣಿಸಬೇಡಿ. ಮನೆಯ ನಾಯಿಯಾಗಲಿ, ಎರಡು ತಿಂಗಳ ಮರಿಯಾಗಲಿ, ನಿಯಮ ಒಂದೇ.

ಮೊದಲು, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ನಲ್ಲಿ ಇಲ್ಲದಿದ್ದರೆ ಬಿಂದಿಗೆಯಿಂದ ಸುರಿಯುತ್ತಲೇ ಇರಿ. ರೋಗಾಣುವನ್ನು ಗಾಯದಲ್ಲೇ ಕಡಿಮೆ ಮಾಡುವ ಈ ಕೆಲಸ ನಿಮ್ಮ ಕೈಯಲ್ಲೇ ಇದೆ. ಅರಿಸಿನ, ಸುಣ್ಣ, ಕಾರದಪುಡಿ, ಕಾಫಿಪುಡಿ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ಗಾಯಕ್ಕೆ ಬಟ್ಟೆ ಬಿಗಿಯಬೇಡಿ.

ಆಮೇಲೆ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ರೇಬಿಸ್ ಲಸಿಕೆಯನ್ನು ಮೊದಲ ದಿನ, 3, 7 ಮತ್ತು 28ನೇ ದಿನ ಕೊಡುತ್ತಾರೆ. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಮದ್ದನ್ನೂ ಹಾಕಬೇಕು. "ಅದೂ ಬೇಕೇ ಡಾಕ್ಟ್ರೇ?" ಎಂದು ನೀವೇ ಕೇಳಿ. ಅಲ್ಲಿ ಇಲ್ಲವೆಂದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಭಯ ಇನ್ನು ಬೇಡ. ಆ ಹಳೆಯ ಲಸಿಕೆ ನಿಂತು ಸುಮಾರು 20 ವರ್ಷವಾಯಿತು. ಈಗ ತೋಳಿಗೆ ಸಣ್ಣ ಸೂಜಿ. ಯಾವ ಕಂತನ್ನೂ ತಪ್ಪಿಸಬೇಡಿ.

ಕಚ್ಚಿದ ನಾಯಿಯನ್ನು ಕೊಲ್ಲಬೇಡಿ. 10 ದಿನ ಕಟ್ಟಿಹಾಕಿ ಗಮನಿಸಿ. ಆದರೆ ಹತ್ತು ದಿನ ಕಳೆಯಲಿ ಎಂದು ಲಸಿಕೆಗೆ ಕಾಯಬೇಡಿ. ರೇಬಿಸ್ ಲಕ್ಷಣ ಸಾಮಾನ್ಯವಾಗಿ ಕಚ್ಚಿದ ಒಂದರಿಂದ ಮೂರು ತಿಂಗಳಲ್ಲಿ ಕಾಣಿಸುತ್ತದೆ, ಮುಖಕ್ಕೆ ಕಚ್ಚಿದರೆ ಇನ್ನೂ ಬೇಗ. ಲಕ್ಷಣ ಬಂದ ಮೇಲೆ ಯಾವ ಮದ್ದೂ ಮಗುವನ್ನು ಉಳಿಸಿಕೊಡುವುದಿಲ್ಲ. ಲಕ್ಷಣ ಬರುವ ಮೊದಲು ಲಸಿಕೆ ಉಳಿಸುತ್ತದೆ. 1885ರಲ್ಲಿ ಲೂಯಿ ಪಾಶ್ಚರ್ ಈ ಲಸಿಕೆಯನ್ನು ಪ್ಯಾರಿಸ್‌ನಲ್ಲಿ ಮೊದಲು ಕೊಡಿಸಿದ್ದು ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಹುಡುಗನಿಗೆ. ಕರೆತಂದವಳು ತಾಯಿ. ಹುಡುಗ ಬದುಕಿದ. ನಮ್ಮ ರಾಜ್ಯದಲ್ಲಿ 2022ರಿಂದ ಮನುಷ್ಯರ ರೇಬಿಸನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಬೈದರೆ ಮಗು ಮುಚ್ಚಿಡುತ್ತದೆ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ರೇಬಿಸ್ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ 100ಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು. ಎಷ್ಟೋ ಮಕ್ಕಳು ಮನೆಯಲ್ಲಿ ಹೇಳುವುದೇ ಇಲ್ಲ. "ಅಮ್ಮ ಬೈತಾಳೆ, ಅಪ್ಪ ನಾಯೀನ ಹೊಡೀತಾನೆ" ಎಂಬ ಹೆದರಿಕೆ. ಆದ್ದರಿಂದ ಇವತ್ತೇ ಮಗುವನ್ನು ಹತ್ತಿರ ಕೂರಿಸಿಕೊಂಡು ಹೇಳಿ: "ನಾಯಿ ಕಚ್ಚಿದ್ರೆ, ಪರಚಿದ್ರೆ ತಕ್ಷಣ ನಂಗೆ ಹೇಳು ಕಂದ. ನಾನು ಬೈಯಲ್ಲ." ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ. ಸ್ನಾನ ಮಾಡಿಸುವಾಗ ಕೈ, ಕಾಲು, ಬೆನ್ನು ನೋಡಿ.

ನಾಯಿಗೂ ಲಸಿಕೆ

ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸದ ನಾವು ನಾಯಿಯನ್ನು ಮರೆಯುತ್ತೇವೆ. ಮೂರು ತಿಂಗಳಾದ ಮರಿಗೆ ಮೊದಲ ರೇಬಿಸ್ ಲಸಿಕೆ ಹಾಕಿಸಿ. ಮುಂದಿನದು ಯಾವಾಗ ಎಂದು ಪಶುವೈದ್ಯರಿಂದ ಬರೆಸಿಕೊಂಡು ಪ್ರತಿ ವರ್ಷ ಹಾಕಿಸಿ. ಇದರಿಂದ ಕೊಟ್ಟಿಗೆಗೂ ರಕ್ಷಣೆ. ಹುಚ್ಚುನಾಯಿ ಕಚ್ಚಿದ ಹಸುವಿಗೂ ರೇಬಿಸ್ ಬರುತ್ತದೆ. ಜೊಲ್ಲು ಸುರಿಸುತ್ತ ಮೇವು ಬಿಟ್ಟ ಹಸುವಿನ ಬಾಯಿಗೆ, ಏನೋ ಸಿಕ್ಕಿಕೊಂಡಿದೆ ಎಂದು ಬರಿಗೈ ಹಾಕಬೇಡಿ. ವೈದ್ಯರನ್ನು ಕರೆಸಿ.

ಮುಂದಿನ ಸಂಘದ ಸಭೆಯಲ್ಲಿ ಮಾತಾಡಿಕೊಳ್ಳಿ

1. ನಾನು ಹಾಲು ಹಾಕಲು ಹೋದಾಗ ನನ್ನ ಮಗುವಿನ ಬಳಿ ಯಾರಿರುತ್ತಾರೆ?
2. ಅಕ್ಕಪಕ್ಕದ ಮನೆಯವರು ಸರದಿಯಂತೆ ಮಕ್ಕಳನ್ನು ನೋಡಿಕೊಳ್ಳಬಹುದೇ? ಒಬ್ಬರು ಇಬ್ಬರ ಹಾಲು ಒಯ್ಯಬಹುದೇ?
3. ನಮ್ಮೂರಿನ ಎಷ್ಟು ಸಾಕುನಾಯಿಗಳಿಗೆ ಈ ವರ್ಷ ಲಸಿಕೆಯಾಗಿದೆ? ಉಳಿದವಕ್ಕೆ ಒಂದೇ ದಿನ ಹಾಕಿಸಲು ಪಶು ಆಸ್ಪತ್ರೆಗೆ ಮನವಿ ಕೊಡೋಣವೇ?

ಸಂಜೆ ಕ್ಯಾನು ಕೈಗೆತ್ತಿಕೊಂಡಾಗ ಒಂದು ಗಳಿಗೆ ನಿಂತು ನೋಡಿ: ಮಗು ಎಲ್ಲಿದೆ, ನಾಯಿ ಎಲ್ಲಿದೆ? ಎರಡಕ್ಕೂ ಉತ್ತರ ಸಿಕ್ಕ ಮೇಲೆ ಹೊರಡಿ.