ಚೂರುಗಳಲ್ಲಿ ಮೂಡಿದ ಮುಖ

ಬರ್ಲಿನ್ ನಗರದ ರಾಷ್ಟ್ರೀಯ ಚಿತ್ರಶಾಲೆಯ ಸಂಗ್ರಹದಲ್ಲಿ ಒಂದು ವಿಚಿತ್ರವಾದ ಚಿತ್ರವುಂಟು. ಎತ್ತರ 114 ಸೆಂಟಿಮೀಟರು, ಅಗಲ 90 ಸೆಂಟಿಮೀಟರು. ಅದು ಕುಂಚದಿಂದ ಬರೆದ ಚಿತ್ರವಲ್ಲ. ಪತ್ರಿಕೆಗಳಿಂದ ಕತ್ತರಿಸಿ ತೆಗೆದ ಚೂರುಗಳನ್ನು ಅಂಟಿಸಿ ಮಾಡಿದುದು. ಯಂತ್ರಗಳ ಹಲ್ಲುಚಕ್ರಗಳು, ಜನಜಂಗುಳಿ, ದಪ್ಪ ಅಕ್ಷರಗಳು, ಇವುಗಳ ನಡುವೆ ಐನ್‌ಸ್ಟೈನರ ತಲೆ. ಪದಚ್ಯುತನಾದ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮನ ಮೀಸೆಯ ಜಾಗದಲ್ಲಿ ಇಬ್ಬರು ಕುಸ್ತಿಪಟುಗಳು. ಸೇನಾಪತಿ ಹಿಂಡೆನ್‌ಬರ್ಗನ ತಲೆ ನರ್ತಕಿಯೊಬ್ಬಳ ಮೈಮೇಲೆ! ಈ ಗದ್ದಲದಲ್ಲಿ ಚಿತ್ರವನ್ನು ಮಾಡಿದ ಕಲಾವಿದೆಯ ಮುಖವೂ ಇದೆ. ಅದನ್ನು ಹುಡುಕಬೇಕು. ಬಲಬದಿಯ ಕೆಳಮೂಲೆಯಲ್ಲಿ ಯೂರೋಪು ಖಂಡದ ಒಂದು ಸಣ್ಣ ಭೂಪಟವಿದೆ. ಸ್ತ್ರೀಯರು ಮತದಾನದ ಹಕ್ಕನ್ನು ಪಡೆದ ದೇಶಗಳನ್ನು ಅದು ತೋರಿಸುತ್ತದೆ. ಆ ಭೂಪಟದ ಅಂಚಿಗೆ ಉಗುರಗಲದ ಒಂದು ಮುಖ: ಹನ್ನಾ ಹೋಖ್ ಎಂಬಾಕೆಯದು.

ತನ್ನ ಮುಖವನ್ನು ತಾನೇ ಚಿತ್ರಿಸುವ ಕಲಾವಿದರು ಹಿಂದೆಯೂ ಇದ್ದರು. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ರೆಂಬ್ರಾಂಟ್ ಯೌವನದಿಂದ ಮುಪ್ಪಿನವರೆಗೂ ಕನ್ನಡಿಯ ಮುಂದೆ ನಿಂತು ತನ್ನನ್ನು ಚಿತ್ರಿಸಿಕೊಂಡನು. ಎದುರು ಕುಳಿತುಕೊಳ್ಳುವವರಿಗೆ ಕೊಡಲು ಕಾಸಿಲ್ಲದ ವ್ಯಾನ್ ಗೋಗನು ತನ್ನ ಮುಖವನ್ನೇ ಮತ್ತೆ ಮತ್ತೆ ಬರೆದನು. ಇವೆಲ್ಲ ಕನ್ನಡಿಯನ್ನು ನಂಬಿದ ಆತ್ಮಚಿತ್ರಗಳು. ಕೊಲಾಜ್ ಅಥವಾ ಅಂಟುಚಿತ್ರವು ಹಿಡಿದ ಹಾದಿ ಬೇರೆ. ಅಂಟಿಸುವುದು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಈ ಹೆಸರು ಬಂದಿತು. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆಯನ್ನು ಅಚ್ಚುಹಾಕಿದ ಮೇಣಬಟ್ಟೆಯ ತುಂಡೊಂದನ್ನು ಚಿತ್ರದೊಳಗೆ ಅಂಟಿಸಿ, ಸುತ್ತಲೂ ಹಗ್ಗವನ್ನೇ ಚೌಕಟ್ಟಾಗಿ ಕಟ್ಟಿದನು. ಅದೇ ವರ್ಷ ಬ್ರಾಕ್ ಎಂಬ ಅವನ ಗೆಳೆಯನು ಮರದ ಎಳೆಗಳನ್ನು ಮುದ್ರಿಸಿದ ಗೋಡೆಕಾಗದವನ್ನು ಹೀಗೆಯೇ ಬಳಸಿದನು. ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ವಸ್ತು ಕಲೆಯ ಮನೆಯೊಳಕ್ಕೆ ಕಾಲಿಟ್ಟದ್ದು ಹೀಗೆ.

ಹನ್ನಾ ಹೋಖ್ ಹುಟ್ಟಿದ್ದು 1889ರಲ್ಲಿ, ಜರ್ಮನಿಯ ಗೋಥಾ ಎಂಬ ಊರಿನಲ್ಲಿ. ಮನೆಯ ಹಿರಿಯ ಮಗಳು. ಹದಿನೈದನೆಯ ವಯಸ್ಸಿನಲ್ಲಿ, ಎಲ್ಲರಿಗಿಂತ ಕಿರಿಯ ತಂಗಿಯನ್ನು ನೋಡಿಕೊಳ್ಳುವುದಕ್ಕಾಗಿ ಆಕೆ ಶಾಲೆಯನ್ನು ಬಿಡಬೇಕಾಯಿತು. ಹಿರಿಯ ಮಗಳಾಗಿ ಹುಟ್ಟಿದ ಎಷ್ಟೋ ಹುಡುಗಿಯರ ಕತೆ ಇಲ್ಲಿಗೇ ಮುಗಿಯುತ್ತದೆ. ಹನ್ನಾಳದು ಮುಗಿಯಲಿಲ್ಲ. ಕೆಲವು ವರ್ಷಗಳು ಕಳೆದಮೇಲೆ ಬರ್ಲಿನ್ನಿಗೆ ಹೋಗಿ ಕಲಾಶಾಲೆಯನ್ನು ಸೇರಿದಳು. 1916ರಿಂದ 1926ರವರೆಗೆ ಉಲ್‌ಷ್ಟೈನ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯಲ್ಲಿ ದುಡಿದಳು. ಹೆಂಗಸರ ಪತ್ರಿಕೆಗಳಿಗೆ ಕಸೂತಿಯ, ಹೆಣಿಗೆಯ ಮಾದರಿಗಳನ್ನು ರಚಿಸಿಕೊಡುವುದು ಆಕೆಯ ಉದ್ಯೋಗ. ಆ ಸಂಸ್ಥೆಯ ಸಚಿತ್ರ ಪತ್ರಿಕೆಗಳೇ ಆಕೆಯ ಬಣ್ಣದ ಪೆಟ್ಟಿಗೆಯಾದುವು.

ಅದು ಮೊದಲನೆಯ ಮಹಾಯುದ್ಧದ ಕಾಲ. ಯುದ್ಧವನ್ನು ಹೊತ್ತಿಸಿದ ಸಮಾಜದ ಘನತೆ ಗಾಂಭೀರ್ಯಗಳನ್ನು ಗೇಲಿ ಮಾಡಲು ಹೊರಟ ಕಲಾವಿದರ ಗುಂಪೊಂದಿತ್ತು. ತಮ್ಮ ಚಳುವಳಿಗೆ ‘ದಾದಾ’ ಎಂಬ ಹೆಸರನ್ನು ಅವರು ಇಟ್ಟುಕೊಂಡಿದ್ದರು. 1920ರಲ್ಲಿ ಅವರು ಬರ್ಲಿನ್ನಿನಲ್ಲಿ ಪ್ರದರ್ಶನವನ್ನು ಏರ್ಪಡಿಸಿದಾಗ, ಹನ್ನಾಳ ಕೃತಿಗಳನ್ನು ಸೇರಿಸಿಕೊಳ್ಳಲು ಗ್ರೋಸ್ ಮತ್ತು ಹಾರ್ಟ್‌ಫೀಲ್ಡ್ ಎಂಬಿಬ್ಬರು ಒಪ್ಪಲಿಲ್ಲ. ಹೌಸ್‌ಮನ್ ಎಂಬ ಇನ್ನೊಬ್ಬ ಕಲಾವಿದನು ಹಾಗಾದರೆ ತನ್ನ ಕೃತಿಗಳನ್ನೂ ಹಿಂದಕ್ಕೆ ಪಡೆಯುವೆನೆಂದ ಮೇಲೆ ಸ್ಥಳ ದೊರೆಯಿತು. ಲೋಕದ ಕಟ್ಟುಪಾಡುಗಳನ್ನೆಲ್ಲ ಮುರಿಯಲು ಹೊರಟವರಿಗೆ ಈ ಒಂದು ಕಟ್ಟುಪಾಡು ಮಾತ್ರ ಕಣ್ಣಿಗೆ ಬೀಳಲಿಲ್ಲವೆಂಬುದು ಸೋಜಿಗ. ಅಲ್ಲಿ ತೂಗಿದ ಚಿತ್ರವೇ ಮೇಲೆ ಹೇಳಿದುದು. ಅದರ ಹೆಸರು ಬಲು ಉದ್ದ. ‘ಅಡಿಗೆಮನೆಯ ಚಾಕುವಿನ ಕೊಯ್ತ’ ಎಂದು ಅದು ಮೊದಲಾಗುತ್ತದೆ. ಹೆಣ್ಣಿನ ಕೈಗೆ ಸಮಾಜವು ಕೊಟ್ಟಿದ್ದ ಆಯುಧ ಅದೇ ತಾನೆ! ಜರ್ಮನಿಯ ಸ್ತ್ರೀಯರಿಗೆ ಮತದಾನದ ಹಕ್ಕು ಬಂದದ್ದು 1918ರ ನವೆಂಬರಿನಲ್ಲಿ. ತನ್ನ ಮುಖವನ್ನು ಚಕ್ರವರ್ತಿಯ ಬಳಿಯಲ್ಲಾಗಲಿ, ಗೆಳೆಯರ ಸಾಲಿನಲ್ಲಾಗಲಿ ಇಡದೆ ಆ ಭೂಪಟದ ಅಂಚಿನಲ್ಲಿ ಇಟ್ಟಳೆಂಬುದರಲ್ಲಿ ಆಕೆ ಯಾರೆಂಬುದು ತಿಳಿಯುತ್ತದೆ. ಮುಖ ಹೇಗಿದೆಯೆಂಬುದಕ್ಕಿಂತ ಅದು ಯಾವುದರ ಪಕ್ಕದಲ್ಲಿದೆ ಎಂಬುದೇ ಇಲ್ಲಿ ಹೆಚ್ಚು ಮಾತನಾಡುತ್ತದೆ.

ಶಾಲೆಯ ಚಿತ್ರಕಲೆಯ ತರಗತಿಯಲ್ಲಿ ಅಂಟುಚಿತ್ರದ ಮೂಲಕ ‘ನಾನು’ ಎಂಬುದನ್ನು ತೋರಿಸಬೇಕೆಂದು ಉಪಾಧ್ಯಾಯರು ಹೇಳಿದಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಬೇರೆ. ತಮ್ಮ ಭಾವಚಿತ್ರವನ್ನು ನಟ್ಟನಡುವೆ ಅಂಟಿಸಿ, ಸುತ್ತಲೂ ಮೆಚ್ಚಿನ ನಟರನ್ನೂ ಆಟಗಾರರನ್ನೂ ಜೋಡಿಸಿಬಿಡುತ್ತಾರೆ. ಅದು ಅಲಂಕಾರ ಮಾಡಿದ ಗುರುತಿನ ಚೀಟಿಯಾದೀತೇ ಹೊರತು ಆತ್ಮಚಿತ್ರವಾಗಲಾರದು. ಅಜ್ಜನ ಪಂಚಾಂಗದ ಹರಿದ ಹಾಳೆ, ತಾಯಿ ದಿನವೂ ಕೆಲಸಕ್ಕೆ ಹೋಗುವ ಬಸ್ಸಿನ ಟಿಕೇಟು, ಬಿತ್ತನೆಬೀಜದ ಚೀಲದ ಮೇಲಿನ ಅಕ್ಷರ, ಬಿಟ್ಟುಬಂದ ಊರಿನ ಭೂಪಟದ ಒಂದು ತುಣುಕು, ಇಂಥವುಗಳಲ್ಲಿ ಯಾವುದನ್ನು ಆರಿಸಬೇಕು, ಯಾವುದರ ಪಕ್ಕದಲ್ಲಿ ಯಾವುದು ಬರಬೇಕು ಎಂದು ಯೋಚಿಸತೊಡಗಿದಾಗಲೇ ಕೆಲಸ ಆರಂಭವಾಗುತ್ತದೆ. ಚೂರುಗಳನ್ನು ಮೊದಲು ಅಂಟಿಲ್ಲದೆ ಹರಡಿ, ಸರಿಸಿ, ಒಂದು ದಿನ ಹಾಗೆಯೇ ಬಿಟ್ಟು ನೋಡುವುದು ಒಳ್ಳೆಯದು. ವೃತ್ತಪತ್ರಿಕೆಯ ಕಾಗದವು ಬೆಳಕಿಗೆ ಬೇಗ ಹಳದಿಯಾಗುತ್ತದೆಂಬುದನ್ನೂ ನೆನಪಿಡಬೇಕು.

ಈ ಬಗೆಯ ಜೋಡಣೆ ಕನ್ನಡನಾಡಿಗೆ ತೀರ ಹೊಸತೂ ಅಲ್ಲ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ, ಧೋತರ, ಕುಬಸಗಳ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಇದು ಮಗಳ ಮದುವೆಯ ಸೀರೆ, ಇದು ತೀರಿಕೊಂಡ ಯಜಮಾನರ ಅಂಗಿ ಎಂದು ಅವರು ಬೆರಳಿಟ್ಟು ತೋರಿಸಬಲ್ಲರು. ಅವರು ಅದನ್ನು ಹೊಲಿಯುವುದು ಹೊದೆಯುವುದಕ್ಕೆಂದೇ. ಆದರೂ ಅದನ್ನು ಓದಬಲ್ಲವರಿಗೆ ಒಂದು ಮನೆತನದ ಚರಿತ್ರೆ ಅದರಲ್ಲಿ ಸಿಕ್ಕುತ್ತದೆ.

ಹನ್ನಾಳ ಬಾಳಿನಲ್ಲಿ ಚೂರುಗಳನ್ನು ತೋರಿಸುವ ಕಾಲ ಹೋಗಿ ಬಚ್ಚಿಡುವ ಕಾಲ ಬಂದಿತು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೇರಿದನು. 1937ರಲ್ಲಿ ಮ್ಯೂನಿಕ್ ನಗರದಲ್ಲಿ ಹೊಸ ಕಲೆಯನ್ನು ‘ಪತಿತ ಕಲೆ’ ಎಂದು ಹಂಗಿಸುವ ಪ್ರದರ್ಶನ ನಡೆಯಿತು. ಅನೇಕ ಗೆಳೆಯರು ದೇಶವನ್ನು ಬಿಟ್ಟರು; ಆಕೆ ಬಿಡಲಿಲ್ಲ. 1939ರಲ್ಲಿ ಬರ್ಲಿನ್ನಿನ ಅಂಚಿನ ಹೈಲಿಗೆನ್‌ಜೇ ಎಂಬಲ್ಲಿ ತೋಟವಿರುವ ಪುಟ್ಟ ಮನೆಯೊಂದನ್ನು ಕೊಂಡು, ಅಲ್ಲಿ ಯಾರ ಕಣ್ಣಿಗೂ ಬೀಳದಂತೆ ಬದುಕಿದಳು. ತನ್ನ ಕೃತಿಗಳನ್ನೂ, ಗೆಳೆಯರ ಕೃತಿ ಪತ್ರಗಳನ್ನೂ ಆ ಮನೆಯಲ್ಲಿ ಅಡಗಿಸಿಟ್ಟಳು. ಯುದ್ಧದ ಕೊನೆಯಲ್ಲಿ ಅವನ್ನು ತೋಟದ ಮಣ್ಣಿನಲ್ಲಿ ಹೂತಿಟ್ಟಳು. ಅವು ಕೈಗೆ ಸಿಕ್ಕಿದ್ದರೆ ಆಕೆಗೆ ಉಳಿಗಾಲವಿರಲಿಲ್ಲ. ತನ್ನನ್ನು ಕೂಡಿಸಲು ಒಪ್ಪದಿದ್ದ ಗುಂಪಿನ ಚರಿತ್ರೆಯನ್ನು ಉಳಿಸಿಕೊಟ್ಟವಳು ಆಕೆಯೇ.

1972ರಲ್ಲಿ ಛಾಯಾಗ್ರಾಹಕ ದಂಪತಿಗಳಿಬ್ಬರ ನೆರವಿನಿಂದ ಹನ್ನಾ ತನ್ನ ದೊಡ್ಡ ಆತ್ಮಚಿತ್ರಕ್ಕೆ ಕೈಹಾಕಿದಳು. ‘ಬಾಳಿನ ಚಿತ್ರ’ ಎಂಬುದು ಅದರ ಹೆಸರಿನ ಅರ್ಥ. ಅಗಲ ಸುಮಾರು ಒಂದೂವರೆ ಮೀಟರು. ಅದರಲ್ಲಿ ಎಳೆಯ ಹುಡುಗಿಯಾದ ಹನ್ನಾ ಇದ್ದಾಳೆ, ತರುಣಿ ಇದ್ದಾಳೆ, ನೆರೆಗೂದಲಿನ ಮುದುಕಿಯಿದ್ದಾಳೆ. ಒಂದು ಮುಖವು ಇನ್ನೊಂದನ್ನು ಅಳಿಸುವುದಿಲ್ಲ. ಅವುಗಳ ನಡುವೆ ಗೆಳೆಯರು, ತೋಟದ ಗಿಡಗಳು, ಹಿಂದೆ ತಾನೇ ಮಾಡಿದ ಕೃತಿಗಳ ಛಾಯಾಚಿತ್ರಗಳು. ಉಗುರಗಲದ ಮುಖವನ್ನು ಮೂಲೆಯಲ್ಲಿ ಅಂಟಿಸಿ ಅರ್ಧ ಶತಮಾನವೇ ಕಳೆದಿತ್ತು. 1973ರಲ್ಲಿ ಕೃತಿ ಮುಗಿದಾಗ ಆಕೆಗೆ 83 ವರ್ಷ. 1978ರಲ್ಲಿ ತೀರಿಕೊಳ್ಳುವವರೆಗೂ ಆಕೆ ಆ ತೋಟದ ಮನೆಯನ್ನು ಬಿಡಲಿಲ್ಲ.