ಕೇಳಿ ತಿನ್ನಬೇಕಾದ ಚೈನೀಸ್

ಬೆಂಗಳೂರಿನ ಹೊರವಲಯದ ಚಂದಾಪುರದಲ್ಲಿ ಸಂಜೆ ಆರು ದಾಟಿತೆಂದರೆ ಸರ್ಕಲ್ಲಿನ ಆಚೀಚೆ ಗ್ಯಾಸ್ ಬರ್ನರ್‌ಗಳ ಭೋರ್ಗರೆತ ಶುರು. ಆನೇಕಲ್ ರಸ್ತೆ, ದೊಮ್ಮಸಂದ್ರ ರಸ್ತೆ, ಹೊಸೂರು ಹೆದ್ದಾರಿಯ ಸರ್ವೀಸ್ ರಸ್ತೆ, ಎಲ್ಲಿ ನೋಡಿದರೂ ತಳ್ಳುಗಾಡಿ. ಗಾಡಿಯ ಮೇಲೆ ‘ಚೈನೀಸ್ ಫಾಸ್ಟ್ ಫುಡ್’ ಎಂಬ ಬೋರ್ಡು, ಅದರ ಪಕ್ಕದಲ್ಲೇ ಹಬೆಯಾಡುವ ಮೋಮೊ ಪಾತ್ರೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆಗಳಿಂದ ಶಿಫ್ಟ್ ಬಿಟ್ಟು ಬಂದವರಿಗೆ, ಎಲೆಕ್ಟ್ರಾನಿಕ್ ಸಿಟಿಯಿಂದ ಕ್ಯಾಬ್ ಇಳಿದವರಿಗೆ ಬೇಕಾದದ್ದು ಒಂದೇ: ಬಿಸಿಯಾಗಿ, ಬೇಗ, ಕೈಗೆಟಕುವ ರೇಟಿಗೆ ಏನಾದರೊಂದು.

ನಾನೂ ಆ ಗುಂಪಿನವನೇ. ಬೊಮ್ಮಸಂದ್ರದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಸೆಕೆಂಡ್ ಶಿಫ್ಟ್ ಮುಗಿಸಿ ರೂಮಿಗೆ ಹೋಗಿ ಅನ್ನಕ್ಕಿಡಲು ಮನಸ್ಸಿಲ್ಲದ ರಾತ್ರಿಗಳಲ್ಲಿ ಹೊಟ್ಟೆ ತುಂಬಿಸಿದ್ದು ಇವೇ ಗಾಡಿಗಳು. ವರ್ಷಗಟ್ಟಲೆ ತಿಂದವನಾಗಿ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಗಿರಾಕಿ ಹೇಗೆ ಕೇಳುತ್ತಾನೋ ಈ ಅಡುಗೆ ಹಾಗೆ ಆಗುತ್ತದೆ. ಸುಮ್ಮನೆ ಪ್ಲೇಟು ಹಿಡಿದವನಿಗೆ ಒಂದು ಬಗೆ, ಕೇಳಿ ಮಾಡಿಸಿಕೊಂಡವನಿಗೆ ಇನ್ನೊಂದು ಬಗೆ.

ಇದರ ಹುಟ್ಟೂ ಹಾಗೆಯೇ ಆದದ್ದು. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಅಡುಗೆ ಮಾಡುತ್ತಿದ್ದರು. ಮೆನುವಿನಲ್ಲಿ ಇಲ್ಲದ್ದೇನಾದರೂ ಕೊಡಿ ಎಂದು ಗಿರಾಕಿಯೊಬ್ಬರು ಕೇಳಿದರಂತೆ. ವಾಂಗ್ ನಮ್ಮ ಅಡುಗೆಯಂತೆಯೇ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು, ಕಾರ್ನ್ ಫ್ಲೋರ್ ಹಾಕಿ ಗಟ್ಟಿ ಮಾಡಿದರು. ಚಿಕನ್ ಮಂಚೂರಿಯನ್ ಹುಟ್ಟಿದ್ದು ಹೀಗೆ ಎಂಬುದು ಅವರೇ ಹೇಳಿಕೊಂಡಿರುವ ಕಥೆ. ಮುಂದೆ ಸಸ್ಯಾಹಾರಿಗಳು ಕೇಳಿದರು, ಕೋಳಿಯ ಜಾಗಕ್ಕೆ ಹೂಕೋಸು ಬಂತು. ಕರ್ನಾಟಕದವರು ಅದನ್ನು ‘ಗೋಬಿ’ ಎಂದು ಕರೆದು ಸಂಜೆಯ ತಿಂಡಿ ಮಾಡಿಕೊಂಡರು. ಚೀನಾದಲ್ಲಿ ಇಂಥ ಖಾದ್ಯವೇ ಇಲ್ಲ ಎಂದು ಯಾರಾದರೂ ಮೂಗು ಮುರಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ನಮ್ಮವರು ಕೇಳಿ ಮಾಡಿಸಿಕೊಂಡ ಊಟ. ಹಾಗಾಗಿ ಅದರ ಒಳ್ಳೆಯದು ಕೆಟ್ಟದ್ದು ಎರಡರಲ್ಲೂ ನಮ್ಮ ಪಾಲಿದೆ.

ಕೆಂಪು ಕೇಳಿದವರು ನಾವೇ

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಹಾರ ಸುರಕ್ಷತಾ ಅಧಿಕಾರಿಗಳು ಪರೀಕ್ಷೆಗೆ ಕಳಿಸಿದ್ದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ವರದಿ ಬಂದಿತ್ತು. ಸನ್‌ಸೆಟ್ ಯೆಲ್ಲೋ, ಟಾರ್ಟ್ರಾಜಿನ್‌ನಂಥ ಬಣ್ಣಗಳು ಅವುಗಳಲ್ಲಿ ಸಿಕ್ಕಿದ್ದವು. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿಗೂ ಅದೇ ಆದೇಶದಲ್ಲಿ ನಿಷೇಧ ಬಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ, ಆಹಾರಕ್ಕೆ ಎಂದೂ ಒಪ್ಪಿಗೆ ಇಲ್ಲದ್ದು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ಬಣ್ಣ ಹಾಕಬಾರದು ಎಂಬ ಆದೇಶ ಬಂತು.

ಆ ದಿನಗಳಲ್ಲಿ ನಮ್ಮ ಬೀದಿಯ ಗೋಬಿ ಅಂಗಡಿಯವರನ್ನು ಕೇಳಿದ್ದೆ, “ಅಣ್ಣ, ಇಷ್ಟು ವರ್ಷ ಕಲರ್ ಯಾಕೆ ಹಾಕ್ತಿದ್ರಿ?” ಅವರು ಬಾಣಲೆಯಿಂದ ಕಣ್ಣೆತ್ತಲಿಲ್ಲ. “ಹಾಕ್ದೆ ಇದ್ರೆ ‘ಏನಣ್ಣ, ಬೋಂಡ ಕೊಟ್ಟಿದೀಯ’ ಅಂತಿದ್ರು ಸಾರ್. ಜನ ಬಣ್ಣ ನೋಡ್ಕೊಂಡೇ ಗಾಡಿ ನಿಲ್ಸೋದು. ಪಕ್ಕದ ಗಾಡಿ ಕೆಂಪಗಿದ್ರೆ ನಂದೂ ಕೆಂಪಗಿರ್ಬೇಕಲ್ಲ?” ಈಗ ಅವರು ಹಿಟ್ಟಿಗೆ ಬ್ಯಾಡಗಿ ಮೆಣಸಿನಪುಡಿ ಕಲಸುತ್ತಾರೆ. ಗೋಬಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಉರಿಗೆಂಪು ಬರುವುದಿಲ್ಲ.

ಗುರುತು ಹಿಡಿಯಲು ಒಂದು ಸುಳಿವಿದೆ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಬಿಡುತ್ತದೆ, ನೀರಿನಲ್ಲಿ ಅಷ್ಟಾಗಿ ಬಿಡುವುದಿಲ್ಲ. ಇಂಥ ಕೃತಕ ಬಣ್ಣಗಳು ನೀರಿಗೆ ಬಿದ್ದೊಡನೆ ಕರಗುತ್ತವೆ. ಡ್ರೈ ಗೋಬಿಯ ಒಂದು ತುಂಡನ್ನು ನೀರಿನ ಲೋಟಕ್ಕೆ ಹಾಕಿ. ನೀರು ಕ್ಷಣದಲ್ಲಿ ಕಿತ್ತಳೆಗೋ ಗುಲಾಬಿಗೋ ತಿರುಗಿದರೆ ನಾಳೆಯಿಂದ ಬೇರೆ ಗಾಡಿ ನೋಡಿಕೊಳ್ಳಿ. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ, ಆದರೆ ರಸ್ತೆ ಬದಿಯಲ್ಲಿ ನಿಂತವನಿಗೆ ಇಷ್ಟು ಸಾಕು.

ಎಣ್ಣೆ, ಅನ್ನ, ಟೇಸ್ಟಿಂಗ್ ಪೌಡರ್

ಬಣ್ಣದ ಗಲಾಟೆಯಲ್ಲಿ ಎಣ್ಣೆಯ ವಿಷಯ ಹಿಂದೆ ಸರಿಯಿತು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ಹೆಚ್ಚುತ್ತ ಹೋಗುತ್ತವೆ. ಅವು ಶೇ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈನಿಂದ ದೇಶದಲ್ಲಿದೆ. ಗಾಡಿಯ ಮುಂದೆ ನಿಂತು ಅದನ್ನು ಅಳೆಯಲಾಗದು, ನೋಡಬಹುದು. ಹೂಕೋಸು ಬಿಟ್ಟಾಗ ಏಳುವ ಗುಳ್ಳೆ ಸರಸರನೆ ಒಡೆದು ತಳ ಕಾಣುತ್ತಿದ್ದರೆ ಎಣ್ಣೆ ಹೊಸದು. ಗುಳ್ಳೆ ನೊರೆಯಾಗಿ ಮೇಲೆ ನಿಂತು, ಎಣ್ಣೆ ಕಪ್ಪಾಗಿ, ಏನೂ ಹಾಕದೆಯೇ ಹೊಗೆಯಾಡುತ್ತಿದ್ದರೆ ಅದರ ಆಯಸ್ಸು ಮುಗಿದಿದೆ. ಅಂಥ ರಾತ್ರಿ ನಾನು ಗೋಬಿ ಬಿಟ್ಟು ನೂಡಲ್ಸ್ ಹೇಳುತ್ತೇನೆ. ಬಾಣಲೆಗೆ ಹೊಸದಾಗಿ ಹಾಕಿದ ಎರಡು ಚಮಚ ಎಣ್ಣೆಯಲ್ಲಿ ಅದು ಆಗಿಹೋಗುತ್ತದೆ. ಸಸ್ಯಾಹಾರಿಗಳು ಇನ್ನೊಂದನ್ನು ಗಮನಿಸಬೇಕು. ಚಿಕನ್ ಕಬಾಬೂ ಗೋಬಿಯೂ ಒಂದೇ ಗಾಡಿಯಲ್ಲಿದ್ದರೆ ಬಾಣಲೆಯೂ ಒಂದೇ ಇರುವ ಸಂಭವವೇ ಹೆಚ್ಚು. ‘ಎಣ್ಣೆ ಬೇರೆನಾ?’ ಎಂದು ಕೇಳಿದರೆ ಹೆಚ್ಚಿನವರು ನಿಜವನ್ನೇ ಹೇಳುತ್ತಾರೆ.

ಫ್ರೈಡ್ ರೈಸ್, ಎಗ್ ರೈಸ್ ವಿಷಯದಲ್ಲಿ ಮುಖ್ಯವಾದದ್ದು ಹೊತ್ತು. ಅನ್ನ ಆರಿ ಉದುರುದುರಾಗಿದ್ದರೇ ಬಾಣಲೆಗೆ ಹಿತ, ಅದಕ್ಕೇ ಮಧ್ಯಾಹ್ನವೇ ಮಾಡಿ ಹರವಿಡುತ್ತಾರೆ. ತೊಂದರೆ ಇರುವುದೂ ಅಲ್ಲೇ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿ ಕುದಿದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಅವು ಮೊಳೆತು ವಿಷ ಬಿಡುತ್ತವೆ, ಆಮೇಲೆ ಎಷ್ಟು ಜೋರು ಉರಿಯಲ್ಲಿ ಹುರಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ರೈಸ್ ತಿನ್ನುವುದಾದರೆ ಅನ್ನ ಯಾವಾಗ ಮಾಡಿದ್ದು ಎಂದು ಕೇಳಿಕೊಂಡೇ. ಸೆಕೆಂಡ್ ಶಿಫ್ಟ್ ಮುಗಿಸಿ ಹನ್ನೊಂದಕ್ಕೆ ಬಂದ ದಿನ ಟಬ್ಬಿನ ತಳದ ಅನ್ನ ನನಗೆ ಬೇಡ.

ಇನ್ನು ಟೇಸ್ಟಿಂಗ್ ಪೌಡರ್, ಅಂದರೆ ಅಜಿನಮೊಟೊ. ಇದರ ಬಗ್ಗೆ ಇರುವಷ್ಟು ಭಯ ಎಣ್ಣೆಯ ಬಗ್ಗೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಜಪಾನಿನ ಕಿಕುನೇ ಇಕೆಡ 1908ರಲ್ಲಿ ಕೊಂಬು ಎಂಬ ಸಮುದ್ರ ಸಸ್ಯದ ಸಾರಿನಿಂದ ಈ ರುಚಿಯ ಮೂಲವನ್ನು ಬೇರ್ಪಡಿಸಿದರು. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಓದುಗರ ಪತ್ರ, ಚೀನೀ ಹೋಟೆಲಿನಲ್ಲಿ ತಿಂದರೆ ಕುತ್ತಿಗೆ ಮರಗಟ್ಟುವುದಕ್ಕೆ ಈ ಪುಡಿ ಕಾರಣವಿರಬಹುದು ಎಂದು ಅನುಮಾನ ಹುಟ್ಟಿಸಿತು. ನಂತರ ನಡೆದ ಅಧ್ಯಯನಗಳಲ್ಲಿ ಸಾಮಾನ್ಯ ಪ್ರಮಾಣಕ್ಕೆ ಅಂಥ ದೋಷ ಸ್ಥಿರವಾಗಿ ಕಾಣಲಿಲ್ಲ. ಅಜಿನಮೊಟೊದಲ್ಲಿರುವ ಸೋಡಿಯಂ ಉಪ್ಪಿನಲ್ಲಿರುವುದರ ಮೂರನೇ ಒಂದರಷ್ಟು. ಲೆಕ್ಕ ಇಡಬೇಕಾದದ್ದು ಸೋಯಾ ಸಾಸ್‌ಗೆ. ಒಂದು ದೊಡ್ಡ ಚಮಚ ಸೋಯಾದಲ್ಲಿ ಹತ್ತಿರಹತ್ತಿರ 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 2000. ಬಿಪಿ ಇರುವ ಸಹೋದ್ಯೋಗಿಯೊಬ್ಬರು ‘ಸೋಯಾ ಅರ್ಧ, ಉಪ್ಪು ಬೇಡ, ಮೆಣಸಿನಪುಡಿ ಜಾಸ್ತಿ’ ಎಂದು ಹೇಳಿ ಮಾಡಿಸಿಕೊಳ್ಳುತ್ತಾರೆ. ಒಮ್ಮೆ ತಿಂದು ನೋಡಿದೆ, ರುಚಿಗೇನೂ ಕೊರತೆ ಇರಲಿಲ್ಲ.

ಮೋಮೊ ಪಾತ್ರೆಯ ಮುಂದೆ

ಕರ್ನಾಟಕಕ್ಕೆ ಮೋಮೊ ಹೊಸದೇನಲ್ಲ. ಅರವತ್ತರ ದಶಕದಲ್ಲಿ ಬೈಲಕುಪ್ಪೆಗೂ ಮುಂಡಗೋಡಕ್ಕೂ ಬಂದು ನೆಲೆಸಿದ ಟಿಬೆಟನ್ನರ ಮನೆ ಅಡುಗೆ ಅದು. ಚಂದಾಪುರಕ್ಕೆ ಮಾತ್ರ ಅದು ಬಂದದ್ದು ಇನ್ನೊಂದು ದಾರಿಯಲ್ಲಿ. ನೇಪಾಳ, ಡಾರ್ಜಿಲಿಂಗ್, ಅಸ್ಸಾಂ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು ಇಲ್ಲಿ ಪಾತ್ರೆ ಹೂಡಿದರು.

ನಾನು ಹೋಗುವ ಅಂಗಡಿಯಲ್ಲಿ ಗಂಡ ಒಲೆ ನೋಡಿಕೊಂಡರೆ ಹೆಂಡತಿ ಮಡಿಚುತ್ತಾರೆ. ಎಡ ಅಂಗೈಯಲ್ಲಿ ಮೈದಾ ಹಾಳೆ, ನಡುವೆ ಒಂದು ಚಮಚ ಎಲೆಕೋಸಿನ ಹೂರಣ. ಬಲಗೈಯ ಹೆಬ್ಬೆರಳು ತೋರುಬೆರಳು ಅಂಚನ್ನು ಚಿವುಟುತ್ತ ಸುತ್ತು ಹಾಕುತ್ತವೆ, ಕೊನೆಗೆ ಒಂದು ತಿರುವು. ಹಾಳೆಯನ್ನು ನಡುವೆ ದಪ್ಪ, ಅಂಚಿನಲ್ಲಿ ತೆಳು ಲಟ್ಟಿಸಿರುತ್ತಾರೆ. ಅದರಿಂದ ತಳ ಹರಿಯುವುದಿಲ್ಲ, ಮೇಲಿನ ನೆರಿಗೆ ಹಿಟ್ಟುಹಿಟ್ಟಾಗಿ ಉಳಿಯುವುದಿಲ್ಲ. ನಮ್ಮ ಕಾರ್ಖಾನೆಯಲ್ಲಿ ಎಲ್ಲ ಪೀಸೂ ಒಂದೇ ಅಳತೆಯಲ್ಲಿದ್ದರೆ ಪಾಸ್. ಮೋಮೊ ಪ್ಲೇಟಿನಲ್ಲಿ ನಾನು ಈ ಲೆಕ್ಕವನ್ನೇ ತಲೆಕೆಳಗು ಮಾಡುತ್ತೇನೆ. ಅಚ್ಚಿನಿಂದ ತೆಗೆದಂತೆ ಎಲ್ಲವೂ ಒಂದೇ ಥರ ಇದ್ದರೆ ಅದು ಪ್ಯಾಕೆಟ್ಟಿನಲ್ಲಿ ಬಂದ ಫ್ರೋಜನ್ ಮಾಲು. ತಿನ್ನಬಾರದು ಎಂದಲ್ಲ, ಕೈಮಡಿಕೆಯ ರೇಟು ಅದಕ್ಕೆ ಕೊಡಬೇಕಿಲ್ಲ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ, “ಅಕ್ಕ, ಇದನ್ನ ಇಟ್ಟು ಎಷ್ಟು ಹೊತ್ತಾಯ್ತು?” ಹಬೆಯಲ್ಲೇ ಗಂಟೆಗಟ್ಟಲೆ ಕೂತ ಮೋಮೊದ ಹೊದಿಕೆ ಅಂಟಂಟಾಗಿ ಪಾತ್ರೆಗೇ ಅಂಟಿ ಹರಿದುಹೋಗುತ್ತದೆ, ಒಳಗಿನ ರಸವೆಲ್ಲ ಇಂಗಿಹೋಗಿರುತ್ತದೆ. ‘ಹತ್ತು ನಿಮಿಷ ಇರಿ, ಹೊಸದು ಇಡ್ತೀನಿ’ ಎಂದರೆ ಮರುಮಾತಿಲ್ಲದೆ ಕಾಯುತ್ತೇನೆ.

ಜೊತೆಗೆ ಬರುವ ಬಿಳಿ ಮಯೊನೈಸ್ ಬೇಡ ಎನ್ನುತ್ತೇನೆ. ಹಸಿ ಮೊಟ್ಟೆಯಿಂದ ಮಾಡಿ ಫ್ರಿಜ್ ಇಲ್ಲದೆ ಇಟ್ಟರೆ ಸಾಲ್ಮೊನೆಲ್ಲಾ ಬೆಳೆಯುವ ಅಪಾಯವಿದೆ. ಕೇರಳ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೊನೈಸ್ ನಿಷೇಧಿಸಿತು. ತೆಲಂಗಾಣ 2024ರ ಅಕ್ಟೋಬರ್ ಕೊನೆಗೆ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಒಂದೊಂದು ವರ್ಷಕ್ಕೆ ನಿಷೇಧ ಹೇರಿದವು. ಅತ್ತಿಬೆಲೆ ಗಡಿ ದಾಟಿದರೆ ತಮಿಳುನಾಡು, ಈಚೆ ನಾವು. ಬ್ಯಾಕ್ಟೀರಿಯಾಕ್ಕೆ ಚೆಕ್‌ಪೋಸ್ಟ್ ಇಲ್ಲ. ಒಣಮೆಣಸು, ಬೆಳ್ಳುಳ್ಳಿ, ಟೊಮೆಟೊ ಅರೆದ ಕೆಂಪು ಚಟ್ನಿಯೇ ಸಾಕು.

ಡಿಮ್ ಸಮ್ ಬೇಕೆಂದರೆ

ಹೆದ್ದಾರಿ ಬದಿಯ ಎ.ಸಿ. ರೆಸ್ಟೋರೆಂಟುಗಳ ಮೆನುವಿನಲ್ಲಿ ಈಗ ‘ಡಿಮ್ ಸಮ್’ ಕಾಣುತ್ತದೆ. ತರಿಸಿದರೆ ಬಹಳ ಕಡೆ ಬರುವುದು ಬಿದಿರು ಬುಟ್ಟಿಯಲ್ಲಿ ಕೂತ ಮೋಮೊ, ರೇಟು ಮಾತ್ರ ಗಾಡಿಯ ಮೂರು ಪಟ್ಟು. ಆರ್ಡರ್ ಕೊಡುವ ಮುಂಚೆ ‘ಹೊದಿಕೆ ಮೈದಾದ್ದಾ, ಪಾರದರ್ಶಕದ್ದಾ?’ ಎಂದು ಕೇಳಿದರೆ ಗುಟ್ಟು ತಿಳಿಯುತ್ತದೆ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್, ಹಾಂಗ್‌ಕಾಂಗ್‌ನ ಚಹಾದಂಗಡಿಗಳಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಚಹಾ ಹೀರುತ್ತ ತಿನ್ನುವ ಪುಟ್ಟಪುಟ್ಟ ತಿನಿಸುಗಳ ಸಾಲು ನಿಜವಾದ ಡಿಮ್ ಸಮ್. ಸಿಗಡಿ ತುಂಬಿದ ಹಾರ್ ಗಾವ್‌ನ ಹೊದಿಕೆ ಗೋಧಿಯ ಪಿಷ್ಟದ್ದು, ಬೆಂದಾಗ ಒಳಗಿನ ಗುಲಾಬಿ ಬಣ್ಣ ಕಾಣುವಷ್ಟು ತೆಳು. ಬಾಯಿ ತೆರೆದ ಸಿಯು ಮಾಯ್, ಉಬ್ಬಿದ ಬಾವ್ ಅದರ ನೆಂಟರು. ಅಷ್ಟು ನಾಜೂಕು ಕೈಗೆಲಸವನ್ನು ಹಾಫ್ ಪ್ಲೇಟ್ ರೇಟಿಗೆ ಮಾಡಲಾಗದು. ಚಂದಾಪುರದಲ್ಲಿ ಅದನ್ನು ಕೇಳುವವರೂ ಕಡಿಮೆ.

ತಿನ್ನಲೇಬೇಕು ಅನ್ನಿಸಿದಾಗ ನಗರಕ್ಕೆ ಹೋಗುತ್ತೇನೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಇದು ಸಲೀಸು. ಬೊಮ್ಮಸಂದ್ರದಲ್ಲಿ ಹತ್ತಿ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ ಬದಲಿಸಿದರೆ ಎಂ.ಜಿ. ರಸ್ತೆ. ರಾತ್ರಿಗಿಂತ ಮಧ್ಯಾಹ್ನ ಹೋಗುವುದು ಮೇಲು. ಬುಟ್ಟಿಗೆ ಮೂರೋ ನಾಲ್ಕೋ ತುಂಡು ಇರುವುದರಿಂದ ಬುಟ್ಟಿಯ ರೇಟಿನ ಜೊತೆ ತುಂಡಿನ ಲೆಕ್ಕವನ್ನೂ ಕೇಳಿಕೊಳ್ಳಬೇಕು. ಎರಡೆರಡೇ ಬುಟ್ಟಿ ಹೇಳಬೇಕು, ಒಟ್ಟಿಗೆ ತರಿಸಿದರೆ ಹೊದಿಕೆ ಒಣಗಿ ರಬ್ಬರಾಗುತ್ತದೆ. ಸಸ್ಯಾಹಾರಿಗಳು ‘ಆಯ್‌ಸ್ಟರ್ ಸಾಸ್, ಫಿಶ್ ಸಾಸ್ ಇದೆಯಾ?’ ಎಂದು ಬಿಡಿಸಿ ಕೇಳಬೇಕು, ತರಕಾರಿ ಖಾದ್ಯಕ್ಕೂ ಅವನ್ನು ಹಾಕುವುದುಂಟು. ಜೊತೆಗೆ ಸಕ್ಕರೆ ಹಾಕದ ಬಿಸಿ ಚಹಾ ಇರಲಿ, ಜಿಡ್ಡು ಇಳಿಯುತ್ತದೆ.

ಕೇಳುವುದಕ್ಕೂ ಒಂದು ರೀತಿ ಇದೆ

ಎಂಟೂವರೆಯ ನೂಕುನುಗ್ಗಲಿನಲ್ಲಿ ಎಣ್ಣೆಯ ವಿಚಾರಣೆಗೆ ನಿಂತರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅಂಗಡಿ ತೆರೆದ ಹೊಸತರಲ್ಲಿ, ಬಾಣಲೆಗೆ ಹಾಕುವ ಮುಂಚೆ, ಅಣ್ಣ ಅಕ್ಕ ಎಂದು ಮಾತಾಡಿಸಿ ಕೇಳಬೇಕು. ಸಣ್ಣ ವ್ಯಾಪಾರಿಗಳೂ ಆಹಾರ ಸುರಕ್ಷತಾ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು, ಆ 14 ಅಂಕಿಯ ಸಂಖ್ಯೆಯನ್ನು ಗಾಡಿಯ ಮೇಲೆ ಹಾಕಿದವರಿಗೆ ನನ್ನ ಮೊದಲ ವ್ಯಾಪಾರ. ಎರಡನೇ ವಾರಕ್ಕೆ ಅವರೇ ಗುರುತು ಹಿಡಿದು ‘ನಿಮ್ದು ಸೋಯಾ ಕಮ್ಮಿ ಅಲ್ವಾ ಸಾರ್?’ ಎನ್ನುತ್ತಾರೆ.

ಕೇಳುವವನು ಕೊಡುವುದಕ್ಕೂ ತಯಾರಿರಬೇಕು. ಹಾಫ್ ಪ್ಲೇಟಿಗೆ 40 ರೂಪಾಯಿಯೇ ಇರಲಿ, ಎಣ್ಣೆ ಮಾತ್ರ ದಿನವೂ ಹೊಸದಿರಲಿ ಎಂದರೆ ಆ ಲೆಕ್ಕ ಯಾವ ಗಾಡಿಯಲ್ಲೂ ಕೂಡುವುದಿಲ್ಲ. ನಮ್ಮ ಬೀದಿಯ ಗೋಬಿ ಅಣ್ಣ ಎಣ್ಣೆ ಬದಲಿಸಲು ಶುರು ಮಾಡಿ ಪ್ಲೇಟಿಗೆ ಹತ್ತು ರೂಪಾಯಿ ಏರಿಸಿದಾಗ ಕೆಲವರು ಪಕ್ಕದ ಗಾಡಿಗೆ ಹೋದರು. ನಾವು ಒಂದಷ್ಟು ಮಂದಿ ಅಲ್ಲೇ ಉಳಿದೆವು, ಅವರೂ ಉಳಿದರು. ಆದೇಶಗಳು ಬರುತ್ತವೆ, ತಪಾಸಣೆಗೆ ಬಂದವರು ಹೋಗುತ್ತಾರೆ. ದಿನವೂ ಆ ಬಾಣಲೆಯ ಮುಂದೆ ನಿಲ್ಲುವವರು ನಾವು. ಕೆಂಪಗಿರಲಿ ಎಂದು ಕೇಳಿದ್ದೆವು, ಕೊಟ್ಟರು. ಚೊಕ್ಕಟವಾಗಿರಲಿ ಎಂದು ಕೇಳಿ, ಅದರ ದುಡ್ಡು ಕೊಟ್ಟರೆ ಅದನ್ನೂ ಕೊಡುತ್ತಾರೆ.